ರೋಸ್ಕ್ವಾ ಕಂಡದ್ದು

ಉತ್ತರ ಯುರೋಪಿನ ಹಳೆಯ ದೇವತೆಗಳ ಕತೆಗಳಲ್ಲಿ ಮಕ್ಕಳು ಬಹಳ ಅಪರೂಪ. ಬಾಲಕೃಷ್ಣನ ಬೆಣ್ಣೆಯ ಕತೆಗಳನ್ನೂ ಧ್ರುವ, ಪ್ರಹ್ಲಾದರ ಕತೆಗಳನ್ನೂ ಕೇಳಿ ಬೆಳೆದ ನಮಗೆ ಈ ಕೊರತೆ ಬೇಗನೆ ಕಣ್ಣಿಗೆ ಬೀಳುತ್ತದೆ. ಓಡಿನ್, ಗುಡುಗಿನ ದೇವರು ಥೋರ್, ತಂತ್ರಗಾರ ಲೋಕಿ, ಫ್ರೇಯಾ ಎಲ್ಲರೂ ಬೆಳೆದು ನಿಂತವರಾಗಿಯೇ ಕತೆಯೊಳಕ್ಕೆ ಬರುತ್ತಾರೆ. ಥೋರ್‌ನ ಮಗ ಮಾಗ್ನಿ ಹುಟ್ಟಿ ಮೂರು ರಾತ್ರಿ ಕಳೆದಿರುವಾಗಲೇ, ಸತ್ತುಬಿದ್ದ ದೈತ್ಯನ ಕಾಲಿನಡಿ ಸಿಕ್ಕಿಕೊಂಡ ತಂದೆಯನ್ನು ಬಿಡಿಸುತ್ತಾನೆ. ಆದರೆ ಅಷ್ಟು ಬಲವಿದ್ದವನನ್ನು ಮಗು ಎನ್ನುವುದು ಹೆಸರಿಗೆ ಮಾತ್ರ. ಹಸಿಯುವ, ಹೆದರುವ, ದೊಡ್ಡವರು ಬೇಡವೆಂದದ್ದನ್ನು ಮಾಡಿಬಿಡುವ ಮಕ್ಕಳೆಂದರೆ ನನಗೆ ನೆನಪಾಗುವವರು ಇಬ್ಬರೇ: ಒಬ್ಬ ರೈತನ ಮಗ ಥ್ಯಾಲ್ಫಿ ಮತ್ತು ಅವನ ಒಡಹುಟ್ಟಿದ ರೋಸ್ಕ್ವಾ. ಈ ಇಬ್ಬರಲ್ಲಿ ರೋಸ್ಕ್ವಾಳ ಕಣ್ಣಿನಿಂದ, ಮಕ್ಕಳಿಗಾಗಿ, ಕನ್ನಡದಲ್ಲಿ ಒಂದು ಕತೆ ಬರೆಯಬೇಕೆಂದು ಬಹುದಿನಗಳಿಂದ ತೊಡಗಿದ್ದೇನೆ. ಬರೆಯುತ್ತ ಹೋದಂತೆ ಮೂಲಕತೆಯ ಬಗ್ಗೆ ತೋಚಿದ್ದನ್ನು ಇಲ್ಲಿ ಹೇಳಿಕೊಳ್ಳಬೇಕೆನಿಸಿದೆ.

ಈ ಕತೆ ನಮಗೆ ದೊರೆತಿರುವುದು ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟುರ್ಲುಸೊನ್ ಸುಮಾರು 1220ರಲ್ಲಿ ಬರೆದ ‘ಎಡ್ಡಾ’ ಎಂಬ ಗದ್ಯಗ್ರಂಥದಲ್ಲಿ. ಐಸ್‌ಲ್ಯಾಂಡಿನವರು ಸುಮಾರು 1000ನೆಯ ಇಸವಿಯಲ್ಲಿಯೇ ತಮ್ಮ ಮಹಾಸಭೆಯಲ್ಲಿ ಕ್ರೈಸ್ತಮತವನ್ನು ಒಪ್ಪಿಕೊಂಡಿದ್ದರು. ಹಾಗಾಗಿ ಸ್ನೊರ್ರಿ ತಾನು ಪೂಜಿಸದ ದೇವತೆಗಳ ಕತೆಗಳನ್ನು, ಅವು ನಿಂತುಹೋದ ಎರಡು ಶತಮಾನಗಳ ಮೇಲೆ ಬರೆದವನು. ಹಳೆಯ ಕಾವ್ಯದ ಒಗಟಿನಂಥ ನುಡಿಗಟ್ಟುಗಳು ಎಳೆಯ ಕವಿಗಳಿಗೆ ಅರ್ಥವಾಗಬೇಕಾದರೆ ಅವುಗಳ ಹಿಂದಿನ ಕತೆಗಳು ತಿಳಿದಿರಬೇಕು ಎಂಬುದು ಅವನ ಕಾಳಜಿಯಾಗಿತ್ತು. ಕಾವ್ಯ ಕಲಿಯುವವರಿಗಾಗಿ ಬರೆದ ಈ ಪುಸ್ತಕದ ನಡುವೆ ಅವನು ಒಂದು ಕತೆಯಲ್ಲಿ ಮಾತ್ರ ಉದ್ದಕ್ಕೂ ಮೈಮರೆತು ನಿಲ್ಲುತ್ತಾನೆ, ಸಂಭಾಷಣೆ ಬರೆಯುತ್ತಾನೆ, ಕೇಳುವವರನ್ನು ಕಾಯಿಸುತ್ತಾನೆ. ಅದು ಥೋರ್ ದೈತ್ಯರ ಕೋಟೆಯಾದ ಉಟ್ಗಾರ್ಡಿಗೆ ಹೋಗಿಬಂದ ಕತೆ.

ಕತೆ ಒಂದು ಬಡ ರೈತನ ಮನೆಯಲ್ಲಿ ಆರಂಭವಾಗುತ್ತದೆ. ಎರಡು ಹೋತಗಳು ಎಳೆಯುವ ರಥದಲ್ಲಿ ಥೋರ್ ಮತ್ತು ಲೋಕಿ ಸಂಜೆ ಹೊತ್ತಿಗೆ ಬಂದು ರಾತ್ರಿಯ ಮಟ್ಟಿಗೆ ತಂಗುತ್ತಾರೆ. ಥೋರ್ ತನ್ನ ಹೋತಗಳನ್ನೇ ಕಡಿದು, ಸುಲಿದು, ಬೇಯಿಸಿ, ಮನೆಯವರನ್ನೆಲ್ಲ ಊಟಕ್ಕೆ ಕೂರಿಸುತ್ತಾನೆ. ಚರ್ಮಗಳನ್ನು ಒಲೆಯ ಬೆಂಕಿಯಿಂದ ಆಚೆಗೆ ಹಾಸಿ, ತಿಂದಾದ ಮೂಳೆಗಳನ್ನು ಅವುಗಳ ಮೇಲೆಯೇ ಹಾಕಬೇಕೆಂದು ಹೇಳುತ್ತಾನೆ. ಥ್ಯಾಲ್ಫಿ ಮಾತ್ರ ತನ್ನ ಪಾಲಿಗೆ ಬಂದ ತೊಡೆಮೂಳೆಯನ್ನು ಚೂರಿಯಿಂದ ಸೀಳಿ ಒಳಗಿನ ಮಜ್ಜೆಯನ್ನು ತಿನ್ನುತ್ತಾನೆ. ಬೆಳಗಾಗುವ ಮುಂಚೆ ಥೋರ್ ಎದ್ದು ಸುತ್ತಿಗೆಯನ್ನೆತ್ತಿ ಮಂತ್ರಿಸಿದಾಗ ಎರಡೂ ಹೋತಗಳು ಜೀವ ತಳೆದು ಎದ್ದುನಿಲ್ಲುತ್ತವೆ, ಆದರೆ ಒಂದು ಹಿಂಗಾಲು ಕುಂಟುತ್ತದೆ.

ಥ್ಯಾಲ್ಫಿಯ ತಪ್ಪು ನನಗೆ ಬಹಳ ಪ್ರಿಯವಾದದ್ದು. ಜಗತ್ತಿನ ಕತೆಗಳಲ್ಲಿ ಬೀಗ ಹಾಕಿದ ಕೋಣೆಯನ್ನು ತೆರೆದವರು, ಮುಟ್ಟಬಾರದ ಪೆಟ್ಟಿಗೆಯನ್ನು ಮುಟ್ಟಿದವರು ಬಹಳ. ಅವರಲ್ಲಿ ಹೆಚ್ಚಿನವರನ್ನು ಕೆಡಿಸುವುದು ಕುತೂಹಲ. ಈ ಹುಡುಗನನ್ನು ಕೆಡಿಸಿದ್ದು ಹಸಿವು. ಮಾಂಸ ಅಪರೂಪವಾಗಿದ್ದ ಮನೆಯಲ್ಲಿ ಒಂದು ರಾತ್ರಿ ಹೊಟ್ಟೆತುಂಬ ಸಿಕ್ಕಿದೆ. ನಲ್ಲಿ ಮೂಳೆ ಕೈಗೆ ಬಂದಿರುವಾಗ ಅದರೊಳಗಿನದನ್ನು ಬಿಟ್ಟು ಎಸೆಯಲು ಯಾವ ಮಗುವಿಗೆ ಮನಸ್ಸಾದೀತು? ಇದನ್ನು ಮಕ್ಕಳಿಗೆ ಹೇಳುವಾಗ ‘ಹೇಳಿದ ಮಾತು ಕೇಳದಿದ್ದರೆ ಹೀಗಾಗುತ್ತದೆ ನೋಡಿ’ ಎಂಬ ಪಾಠವಾಗಿ ತಿರುಗಿಸುವುದು ಸುಲಭ. ಹಾಗೆ ತಿರುಗಿಸಬಾರದು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಸ್ನೊರ್ರಿ ಎಲ್ಲಿಯೂ ಆ ಹುಡುಗನನ್ನು ಬೈಯುವುದಿಲ್ಲ. ಅವನು ಬರೆಯುವುದು ರೈತನ ಹೆದರಿಕೆಯನ್ನು: ಥೋರ್‌ನ ಹುಬ್ಬು ಗಂಟಿಕ್ಕಿ ಕಣ್ಣಮೇಲೆ ಇಳಿದದ್ದನ್ನು, ಬೆರಳ ಗೆಣ್ಣುಗಳು ಬಿಳಿಚುವಷ್ಟು ಬಿಗಿಯಾಗಿ ಅವನು ಸುತ್ತಿಗೆಯನ್ನು ಹಿಡಿದದ್ದನ್ನು, ಮನೆಮಂದಿಯೆಲ್ಲ ಕೂಗಿಕೊಂಡು ತಮ್ಮಲ್ಲಿರುವುದನ್ನೆಲ್ಲ ಕೊಡುತ್ತೇವೆಂದು ಬೇಡಿಕೊಂಡದ್ದನ್ನು. ಅವರ ಭಯವನ್ನು ಕಂಡು ಥೋರ್‌ನ ಕೋಪ ಇಳಿಯುತ್ತದೆ. ರಾಜಿಯ ಒಪ್ಪಂದವಾಗಿ ಅವನು ಇಬ್ಬರು ಮಕ್ಕಳನ್ನು ಊಳಿಗಕ್ಕೆ ತೆಗೆದುಕೊಳ್ಳುತ್ತಾನೆ. ಅಂದಿನಿಂದ ಅವರು ಯಾವಾಗಲೂ ಅವನ ಜೊತೆಗಿರುತ್ತಾರೆ.

ಮಕ್ಕಳ ಪುಸ್ತಕಗಳಿಗೆ ಈ ಕತೆಯನ್ನು ಇಳಿಸುವವರು ಇಲ್ಲಿ ಒಂದು ಬದಲಾವಣೆ ಮಾಡಿಕೊಳ್ಳುವ ಆಸೆಗೆ ಬೀಳುತ್ತಾರೆ: ಮಕ್ಕಳು ಸಾಹಸದ ಆಸೆಯಿಂದ ತಾವಾಗಿಯೇ ಹೊರಟರು ಎಂದುಬಿಟ್ಟರೆ ಎಲ್ಲವೂ ಹಗುರಾಗುತ್ತದೆ. ಆದರೆ ಮೂಲದಲ್ಲಿರುವುದು ದೊಡ್ಡವರ ನಡುವಿನ ಲೆಕ್ಕ ತೀರಿಸಲು ಮಕ್ಕಳನ್ನು ಒಪ್ಪಿಸಿಬಿಟ್ಟ ಸಂಗತಿ. ಕನ್ನಡದ ಓದುಗರಿಗೆ ಇದು ದೂರದ ಮಾತಾಗಿ ಕೇಳಬೇಕಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಒಡೆಯನ ದನ ಕಾಯಲು ಹೋಗುತ್ತಿದ್ದ ಜೀತವನ್ನು ನಮ್ಮ ದೇಶ ಕಾನೂನು ಮಾಡಿ ನಿಷೇಧಿಸಿದ್ದು 1976ರಲ್ಲಿ. ಮಕ್ಕಳಿಗೆ ಹೇಳುವಾಗಲೂ ಆ ಬೆಳಗಿನ ವಿದಾಯವನ್ನು ಮುಚ್ಚಿಡಬಾರದು. ತಾಯಿ ಬಾಗಿಲಲ್ಲಿ ನಿಂತಿರಬೇಕು. ಕುಂಟುವ ಹೋತ ಅಂಗಳದಲ್ಲಿ ಇರಬೇಕು, ಏಕೆಂದರೆ ಥೋರ್ ತನ್ನ ಹೋತಗಳನ್ನು ಅಲ್ಲಿಯೇ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋದನೆಂದು ಸ್ನೊರ್ರಿಯೇ ಹೇಳುತ್ತಾನೆ.

ಇಲ್ಲಿ ಸ್ನೊರ್ರಿಯ ಬಾಲ್ಯವನ್ನು ನೆನೆಯದೆ ಮುಂದೆ ಹೋಗಲು ನನಗೆ ಸಾಧ್ಯವಾಗುವುದಿಲ್ಲ. ಅವನು 1179ರಲ್ಲಿ ಹುಟ್ಟಿದವನು. ಅವನ ತಂದೆ ಸ್ಟುರ್ಲಾ ಒಂದು ವ್ಯಾಜ್ಯದ ಮಾತುಕತೆಯಲ್ಲಿದ್ದಾಗ ಎದುರಾಳಿಯ ಹೆಂಡತಿ ಚೂರಿ ಹಿಡಿದು ಅವನ ಮೇಲೆರಗಿ, ಒಕ್ಕಣ್ಣಿನ ಓಡಿನ್‌ನಂತೆ ನಿನ್ನನ್ನೂ ಮಾಡುತ್ತೇನೆಂದು ಕಣ್ಣಿಗೆ ಗುರಿಯಿಟ್ಟಳು. ಚೂರಿ ಕೆನ್ನೆಗೆ ತಾಗಿತು. ಸ್ಟುರ್ಲಾ ಕೇಳಿದ ಪರಿಹಾರ ವಿಪರೀತವಾಗಿತ್ತು. ನಡುವೆ ಬಂದ ದೊಡ್ಡ ಮನೆತನದ ಯೋನ್ ಲೋಫ್ಟ್‌ಸೊನ್, ಜಗಳ ಆರಲೆಂದು, ಸ್ಟುರ್ಲಾನ ಮಗನನ್ನು ತನ್ನ ಮನೆಯಲ್ಲಿ ಸಾಕಿ ಓದಿಸುತ್ತೇನೆಂದ. ಹಾಗೆ ಮೂರ್ನಾಲ್ಕು ವರ್ಷದ ಸ್ನೊರ್ರಿ ಹೆತ್ತವರ ಮನೆ ಬಿಟ್ಟು ಓಡ್ಡಿ ಎಂಬ ವಿದ್ಯಾಕೇಂದ್ರಕ್ಕೆ ಹೋದ. ಅವನು ಹೋದದ್ದು ಗೌರವದ ಸ್ಥಾನಕ್ಕೆ, ಊಳಿಗಕ್ಕಲ್ಲ. ಅಲ್ಲಿ ಕಲಿಯದಿದ್ದರೆ ಎಡ್ಡಾ ಹುಟ್ಟುತ್ತಿರಲಿಲ್ಲವೇನೋ. ಆದರೂ ದೊಡ್ಡವರ ರಾಜಿಯೊಂದರಲ್ಲಿ ಕೈಬದಲಾದ ಮಗು ಅವನು. ಚೂರಿಯೊಂದರಿಂದ ಆರಂಭವಾಗಿ ಮಕ್ಕಳನ್ನು ಬೇರೆಯವರ ಕೈಗೆ ಕೊಡುವುದರಲ್ಲಿ ಮುಗಿಯುವ ಪ್ರಸಂಗವನ್ನು ಬರೆಯುವಾಗ ಅವನ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದು ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಮುಂದಿನ ಪಯಣದಲ್ಲಿ ಅವರು ಕಡಲು ದಾಟಿ ದೈತ್ಯರ ನಾಡಿನ ದಟ್ಟ ಕಾಡನ್ನು ಹೊಗುತ್ತಾರೆ. ಕತ್ತಲಾದಾಗ ಒಂದು ವಿಚಿತ್ರ ಮನೆ ಸಿಗುತ್ತದೆ. ಅದರ ಬಾಗಿಲು ಮನೆಯಷ್ಟೇ ಅಗಲ. ನಡುರಾತ್ರಿ ನೆಲ ನಡುಗುತ್ತದೆ. ಎಲ್ಲರೂ ತಡಕಾಡುತ್ತ ಬಲಗಡೆಯ ಒಂದು ಪಕ್ಕದ ಕೋಣೆಗೆ ಸರಿಯುತ್ತಾರೆ. ಬೆಳಿಗ್ಗೆ ತಿಳಿಯುತ್ತದೆ: ನಡುಕ ಸ್ಕ್ರೀಮಿರ್ ಎಂಬ ದೈತ್ಯನ ಗೊರಕೆ, ಮನೆ ಅವನ ಕೈಗವಸು, ಪಕ್ಕದ ಕೋಣೆ ಅದರ ಹೆಬ್ಬೆರಳು. ಈ ಕೈಗವಸು ಹಳೆಯ ಕಾವ್ಯದಲ್ಲಿ ಥೋರ್‌ನನ್ನು ಹೀಯಾಳಿಸುವ ಆಯುಧವಾಗಿತ್ತು. ‘ಲೋಕಸೆನ್ನಾ’ ಎಂಬ ಪದ್ಯದಲ್ಲಿ ಲೋಕಿ ತುಂಬಿದ ಸಭೆಯಲ್ಲಿ, ನೀನು ಕೈಗವಸಿನ ಹೆಬ್ಬೆರಳಲ್ಲಿ ಮುದುರಿ ಕೂತವನಲ್ಲವೇ ಎಂದು ಚುಚ್ಚುತ್ತಾನೆ. ಇನ್ನೊಂದು ಪದ್ಯದಲ್ಲಿ, ಆ ರಾತ್ರಿ ಸೀನಲು ಕೂಡ ನಿನಗೆ ಧೈರ್ಯವಿರಲಿಲ್ಲ ಎಂಬ ಮಾತು ಬರುತ್ತದೆ. ಸ್ನೊರ್ರಿ ಬರೆದಿರುವುದೇ ಬೇರೆ. ಉಳಿದವರೆಲ್ಲ ಹೆದರಿ ಒಳಗೆ ಸೇರಿಕೊಂಡಾಗ ಥೋರ್ ಸುತ್ತಿಗೆಯನ್ನು ಹಿಡಿದು ಬಾಗಿಲಲ್ಲಿ ಕೂರುತ್ತಾನೆ. ರೋಸ್ಕ್ವಾಳ ಕಣ್ಣಿನಿಂದ ಬರೆಯುವಾಗ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ಹಿಂದಿನ ಬೆಳಗ್ಗೆ ಮನೆಯವರನ್ನೆಲ್ಲ ನಡುಗಿಸಿದ ಅದೇ ಕೈ, ಅದೇ ಸುತ್ತಿಗೆ ಈಗ ಬಾಗಿಲು ಕಾಯುತ್ತಿದೆ. ಅವನನ್ನು ನಂಬಬೇಕೋ ಹೆದರಬೇಕೋ ತಿಳಿಯದ ಹುಡುಗಿಯ ಮನಸ್ಸಿಗೆ ಒಂದು ಉತ್ತರ ಆ ರಾತ್ರಿ ಸಿಗಲು ಆರಂಭವಾಗುತ್ತದೆ, ಪೂರ್ತಿಯಾಗಿ ಸಿಗುವುದಿಲ್ಲ.

ಸ್ಕ್ರೀಮಿರ್ ಮಲಗಿರುವಾಗ ಥೋರ್ ಮೂರು ಬಾರಿ ಅವನ ತಲೆಗೆ ಸುತ್ತಿಗೆ ಬೀಸುತ್ತಾನೆ; ಮೊದಲನೆಯದಕ್ಕೆ ಎಲೆ ಬಿತ್ತೇ ಎನ್ನುತ್ತಾನೆ ದೈತ್ಯ, ಎರಡನೆಯದಕ್ಕೆ ಓಕ್ ಮರದ ಕಾಯಿ ಬಿತ್ತೇ ಎನ್ನುತ್ತಾನೆ, ಮೂರನೆಯದಕ್ಕೆ ಮೇಲೆ ಹಕ್ಕಿಗಳೇನಾದರೂ ಕೂತಿವೆಯೇ ಎಂದು ಕೇಳುತ್ತಾನೆ. ಅನಂತರ ಉಟ್ಗಾರ್ಡಿನ ಕೋಟೆ. ಅದರ ತುದಿ ಕಾಣಬೇಕಾದರೆ ಕತ್ತನ್ನು ಹಿಂದಕ್ಕೆ ಬಾಗಿಸಬೇಕು. ಮುಚ್ಚಿದ ದ್ವಾರವನ್ನು ತೆರೆಯಲಾಗದೆ ಸರಳುಗಳ ನಡುವೆ ನುಸುಳಿ ಒಳಗೆ ಹೋಗುತ್ತಾರೆ. ಏನಾದರೊಂದು ವಿದ್ಯೆಯಲ್ಲಿ ಇತರರನ್ನು ಮೀರಿಸದವರಿಗೆ ಇಲ್ಲಿ ಜಾಗವಿಲ್ಲ ಎನ್ನುತ್ತಾನೆ ಅಲ್ಲಿಯ ಅರಸ ಉಟ್ಗಾರ್ಡ್-ಲೋಕಿ. ಥೋರ್‌ನ ಜೊತೆ ಬಂದ ಲೋಕಿ ತಿನ್ನುವ ಪಂದ್ಯಕ್ಕೆ ನಿಂತು, ಲೋಗಿ ಎಂಬುವನ ಜೊತೆ ಮಾಂಸದ ತೊಟ್ಟಿಯ ನಡುಮಧ್ಯದಲ್ಲಿ ಸಂಧಿಸುತ್ತಾನೆ. ಆದರೆ ಲೋಗಿ ಮೂಳೆಯನ್ನೂ ತೊಟ್ಟಿಯನ್ನೂ ಸೇರಿಸಿ ತಿಂದಿರುತ್ತಾನೆ. ಥ್ಯಾಲ್ಫಿ ಹುಗಿ ಎಂಬ ಪುಟ್ಟ ಹುಡುಗನೊಂದಿಗೆ ಮೂರು ಸಲ ಓಡಿ ಮೂರು ಸಲವೂ ಸೋಲುತ್ತಾನೆ, ಕೊನೆಯ ಸಲ ಅರ್ಧದಾರಿಯನ್ನೂ ಮುಟ್ಟುವುದಿಲ್ಲ. ಥೋರ್ ಕೊಂಬಿನ ಪಾತ್ರೆಯನ್ನು ಮೂರು ಗುಟುಕಿಗೆ ಬರಿದು ಮಾಡಲಾರ, ಬೂದುಬಣ್ಣದ ಬೆಕ್ಕಿನ ಒಂದು ಕಾಲನ್ನಷ್ಟೇ ನೆಲದಿಂದ ಎತ್ತಬಲ್ಲ, ಅರಸನನ್ನು ಸಾಕಿದ ಮುದುಕಿಯೊಡನೆ ಕುಸ್ತಿಯಾಡಿ ಒಂದು ಮೊಣಕಾಲೂರುತ್ತಾನೆ.

ಮರುದಿನ ಕೋಟೆಯ ಹೊರಗೆ ಬಂದಮೇಲೆ ಅರಸ ನಿಜ ಹೇಳುತ್ತಾನೆ. ಲೋಗಿ ಎಂದರೆ ಕಾಳ್ಗಿಚ್ಚು. ಹುಗಿ ಎಂದರೆ ತನ್ನದೇ ಮನಸ್ಸಿನ ಯೋಚನೆ. ಕೊಂಬಿನ ತುದಿ ಕಡಲಲ್ಲಿತ್ತು; ಥೋರ್ ಕುಡಿದುದರಿಂದಲೇ ಸಮುದ್ರದಲ್ಲಿ ಇಳಿತ ಉಂಟಾಯಿತು. ಬೆಕ್ಕು, ಭೂಮಿಯನ್ನೇ ಸುತ್ತಿಕೊಂಡಿರುವ ಮಹಾಸರ್ಪ. ಮುದುಕಿ, ಯಾರೂ ಗೆಲ್ಲಲಾಗದ ಮುಪ್ಪು. ಕಾಡಿನಲ್ಲಿ ಸ್ಕ್ರೀಮಿರ್ ಆಗಿ ಬಂದವನೂ ತಾನೇ; ಸುತ್ತಿಗೆಯ ಪೆಟ್ಟುಗಳು ಬಿದ್ದದ್ದು ಬೆಟ್ಟಕ್ಕೆ. ಅಲ್ಲಿ ಈಗ ಮೂರು ಚೌಕದ ಕಣಿವೆಗಳಿವೆ. ನಿನಗೆ ಇಷ್ಟು ಬಲವಿದೆಯೆಂದು ಮೊದಲೇ ತಿಳಿದಿದ್ದರೆ ಒಳಗೆ ಬಿಡುತ್ತಿರಲಿಲ್ಲ, ಇನ್ನು ಮುಂದೆ ಬಿಡುವುದೂ ಇಲ್ಲ ಎನ್ನುತ್ತಾನೆ. ಥೋರ್ ಸುತ್ತಿಗೆ ಎತ್ತುವಷ್ಟರಲ್ಲಿ ಅವನಿಲ್ಲ. ತಿರುಗಿ ನೋಡಿದರೆ ಕೋಟೆಯೂ ಇಲ್ಲ, ಅಗಲವಾದ ಚೆಲುವಾದ ಬಯಲಷ್ಟೇ ಇದೆ.

ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕತೆ ಆ ಇಡೀ ಪುರಾಣದಲ್ಲಿ ಇಲ್ಲವೆಂದೇ ನನ್ನ ನಂಬಿಕೆ. ಅತ್ಯಂತ ಬಲಶಾಲಿಯಾದ ದೇವರು ತುಂಬಿದ ಸಭೆಯಲ್ಲಿ, ತನ್ನನ್ನು ನಂಬಿ ಬಂದ ಮಕ್ಕಳ ಕಣ್ಣೆದುರು, ಒಂದಾದ ಮೇಲೊಂದು ಸೋಲುತ್ತಾನೆ. ಸೋತ ಮರುದಿನ ತಿಳಿಯುತ್ತದೆ, ಅವನು ಹೋರಾಡಿದ್ದು ಕಡಲಿನೊಂದಿಗೆ, ಮುಪ್ಪಿನೊಂದಿಗೆ ಎಂದು. ಆದರೆ ಸೋಲು ಗೆಲುವಾಗಿ ಬದಲಾಗುವುದಿಲ್ಲ. ಥೋರ್‌ಗೆ ಇನ್ನೊಂದು ಅವಕಾಶ ಕೊಡಿಸಿ ಕೊನೆಯಲ್ಲಿ ಗೆಲ್ಲಿಸುವ ಕತೆಗಾರ ಮಕ್ಕಳನ್ನು ಕಡಿಮೆ ಅಂದಾಜು ಮಾಡುತ್ತಾನೆ. ದಿನದಿನವೂ ತಮಗಿಂತ ದೊಡ್ಡವುಗಳ ಜೊತೆ ಹೆಣಗುವ ಮಕ್ಕಳಿಗೆ ಗೆಲ್ಲಲಾಗದ ಪಂದ್ಯವೆಂದರೇನು ಎನ್ನುವುದು ದೊಡ್ಡವರಿಗಿಂತ ಚೆನ್ನಾಗಿಯೇ ಗೊತ್ತಿರುತ್ತದೆ.

ಉಟ್ಗಾರ್ಡಿನ ಅರಸನನ್ನು ದುಷ್ಟನನ್ನಾಗಿ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಸುಮಾರು ಅದೇ ಕಾಲದಲ್ಲಿ ಡೆನ್ಮಾರ್ಕಿನ ಇತಿಹಾಸವನ್ನು ಲ್ಯಾಟಿನ್‌ನಲ್ಲಿ ಬರೆದ ಸಾಕ್ಸೋ ಗ್ರಮಾಟಿಕಸ್‌ನ ಗ್ರಂಥದಲ್ಲಿಯೂ ಇದೇ ಹೆಸರಿನವನೊಬ್ಬ ಬರುತ್ತಾನೆ. ಅಲ್ಲಿ ಅವನು ಹಾವುಗಳು ತುಂಬಿದ ಕತ್ತಲ ಗುಹೆಯಲ್ಲಿ ಸರಪಳಿಗಳಿಂದ ಬಿಗಿದು ಬಿದ್ದಿದ್ದಾನೆ. ಅವನ ಗಡ್ಡದಿಂದ ಕಿತ್ತ ಕೂದಲು ಕೂಡ ಸಹಿಸಲಾರದಷ್ಟು ನಾರುತ್ತದೆ. ಸ್ನೊರ್ರಿಯ ಅರಸ ರಾತ್ರಿ ಅತಿಥಿಗಳಿಗೆ ಒಳ್ಳೆಯ ಊಟ, ಹಾಸಿಗೆ ಕೊಟ್ಟು, ಬೆಳಿಗ್ಗೆ ಕೋಟೆಯಾಚೆಗೂ ಬಂದು ಬೀಳ್ಕೊಡುತ್ತಾನೆ. ತಾನು ಮೋಸ ಮಾಡಿದೆನೆಂದು ತಾನಾಗಿಯೇ ಹೇಳುತ್ತಾನೆ, ತಾನು ಹೆದರಿದ್ದೆನೆಂದೂ ಹೇಳುತ್ತಾನೆ. ಅವನಿಲ್ಲದಿದ್ದರೆ ಥೋರ್ ಸೋತವನಾಗಿಯೇ ಮನೆಗೆ ಮರಳಬೇಕಿತ್ತು.

ಈಗ ರೋಸ್ಕ್ವಾಳ ಮಾತಿಗೆ ಬರುತ್ತೇನೆ. ನನ್ನ ತಂಗಿಯ ಮಗಳಿಗೆ ಈ ಕತೆಯನ್ನು ಹೇಳುತ್ತಿದ್ದಾಗ ಅವಳು ಕುಸ್ತಿಯ ಪ್ರಸಂಗ ಮುಗಿಯುವವರೆಗೆ ಸುಮ್ಮನಿದ್ದು, “ದೊಡ್ಡಮ್ಮಾ, ರೋಸ್ಕ್ವಾ ಯಾವ ಆಟ ಆಡಿದಳು?” ಎಂದು ಕೇಳಿದಳು. ಉತ್ತರ ಬೇಕೆಂದು ಎಡ್ಡಾವನ್ನು ಮತ್ತೊಮ್ಮೆ ಸಾಲುಸಾಲಾಗಿ ಓದಿದೆ. ಮನೆ ಬಿಡುವಾಗ ಅವಳ ಹೆಸರಿದೆ, ಕಾಡಿನ ದಾರಿಯಲ್ಲಿ ಅವಳ ಹೆಸರಿದೆ. ಉಟ್ಗಾರ್ಡಿನೊಳಗೆ ಅವಳು ಏನು ಮಾಡಿದಳೆಂದು ಒಂದೇ ಒಂದು ವಾಕ್ಯವಿಲ್ಲ. ಅಣ್ಣನೋ ತಮ್ಮನೋ ಆದ ಥ್ಯಾಲ್ಫಿಗೆ ಬೇರೆ ಕತೆಗಳೂ ಇವೆ: ಹ್ರುಂಗ್ನಿರ್ ಎಂಬ ಕಲ್ಲುಹೃದಯದ ದೈತ್ಯನ ಬಳಿಗೆ ಓಡಿಹೋಗಿ, ಥೋರ್ ನೆಲದಡಿಯಿಂದ ಬರುತ್ತಾನೆಂದು ನಂಬಿಸಿ, ಅವನು ತನ್ನ ಗುರಾಣಿಯ ಮೇಲೆಯೇ ಹತ್ತಿ ನಿಲ್ಲುವಂತೆ ಮಾಡಿದವನು ಇವನೇ. ರೋಸ್ಕ್ವಾಳಿಗೆ ಅಂಥದ್ದೊಂದೂ ಇಲ್ಲ.

ಹಾಗೆಂದು ಅವಳು ಸ್ನೊರ್ರಿ ಕತೆಯ ಅನುಕೂಲಕ್ಕೆ ಸೇರಿಸಿಕೊಂಡವಳಲ್ಲ. ಐಲಿಫ್ ಗುಡ್ರುನಾರ್ಸೊನ್ ಎಂಬ ಕವಿ ಅವನಿಗಿಂತ ಎರಡು ಶತಮಾನ ಮೊದಲು ಥೋರ್‌ನನ್ನು ಹೊಗಳಿ ಕಟ್ಟಿದ ಕಾವ್ಯದಲ್ಲಿ ಥ್ಯಾಲ್ಫಿಯನ್ನು ‘ರೋಸ್ಕ್ವಾಳ ಸೋದರ’ ಎಂದು ಕರೆದಿದ್ದಾನೆ. ಥೋರ್‌ನನ್ನು ಕಾವ್ಯದಲ್ಲಿ ಹೇಗೆಲ್ಲ ಕರೆಯಬಹುದೆಂದು ಸ್ನೊರ್ರಿ ಹೇಳುವಲ್ಲಿ ‘ಥ್ಯಾಲ್ಫಿ ಮತ್ತು ರೋಸ್ಕ್ವಾರ ಒಡೆಯ’ ಎಂಬುದೂ ಇದೆ. ತಂಗಿಯದೋ ಅಕ್ಕನದೋ ಹೆಸರು ಹೇಳಿದರೆ ಸೋದರ ಯಾರೆಂದು ಕೇಳುಗರಿಗೆ ತಿಳಿಯುತ್ತಿತ್ತೆಂದರೆ, ಅವಳು ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತಿದ್ದವಳು. ಅವಳ ಕತೆ ಕಳೆದುಹೋಗಿ ಹೆಸರು ಮಾತ್ರ ಉಳಿದಿರಬಹುದು.

ಡೆನ್ಮಾರ್ಕಿನಲ್ಲಿ ಪೀಟರ್ ಮ್ಯಾಡ್ಸನ್ ಮತ್ತು ಸಂಗಡಿಗರು 1979ರಿಂದ 2009ರವರೆಗೆ 15 ಸಂಪುಟಗಳಲ್ಲಿ ತಂದ ‘ವಲ್ಹಲ್ಲಾ’ ಚಿತ್ರಕತೆಗಳೂ 1986ರಲ್ಲಿ ಅವುಗಳಿಂದ ಹುಟ್ಟಿದ ಅನಿಮೇಷನ್ ಚಿತ್ರವೂ ಈ ಇಬ್ಬರು ಮಕ್ಕಳಿಗೆ ದೊಡ್ಡ ಸ್ಥಾನ ಕೊಟ್ಟಿರುವುದು ನನಗೆ ಸಂತೋಷದ ಸಂಗತಿ. ಬರೆಯುವವರಿಗೆ ಅವಳ ಮೌನ ಒಂದು ತೆರೆದ ಬಾಗಿಲು. ಅವಳಿಗೂ ಒಂದು ಪಂದ್ಯ ಇಟ್ಟುಕೊಟ್ಟು, ಎಲ್ಲರೂ ಸೋತ ಮೇಲೆ ಅವಳನ್ನು ಗೆಲ್ಲಿಸಿಬಿಡಬಹುದು. ನನಗೂ ಮೊದಲು ಬಂದ ಯೋಚನೆ ಅದೇ. ಆದರೆ ಮುಪ್ಪನ್ನೂ ಕಡಲನ್ನೂ ಯಾರೂ ಗೆಲ್ಲಲಾರರು ಎಂಬ ಕತೆಯಲ್ಲಿ ಒಬ್ಬಳು ಗೆದ್ದುಬಿಟ್ಟರೆ ಕತೆಯೇ ಕುಸಿಯುತ್ತದೆ.

ದಾರಿ ತೋರಿದ್ದು ಸ್ನೊರ್ರಿಯೇ. ಎಡ್ಡಾದಲ್ಲಿ ಈ ಕತೆಗೊಂದು ಚೌಕಟ್ಟಿದೆ. ಗ್ಯುಲ್ಫಿ ಎಂಬ ರಾಜ ವೇಷ ಮರೆಸಿಕೊಂಡು ಬಂದು, ಸಿಂಹಾಸನಗಳಲ್ಲಿ ಕೂತ ಮೂವರನ್ನು ಪ್ರಶ್ನೆ ಕೇಳುತ್ತಿರುತ್ತಾನೆ. ಥೋರ್ ಎಂದಾದರೂ ತನ್ನನ್ನು ಮೀರಿಸುವ ಬಲವನ್ನು ಎದುರಿಸಿದ್ದಾನೆಯೇ ಎಂದು ಅವನು ಕೇಳಿದಾಗ ಆ ಮೂವರು ಹಿಂಜರಿಯುತ್ತಾರೆ. ಅಂಥದ್ದೇನಾದರೂ ಇದ್ದರೂ ಹೇಳಬೇಕಾಗಿಲ್ಲ ಎನ್ನುತ್ತಾನೆ ಒಬ್ಬ. ಬಲವಂತ ಮಾಡಿದ ಮೇಲಷ್ಟೇ ಕತೆ ಹೊರಬರುತ್ತದೆ. ಹೇಳಲು ಯಾರಿಗೂ ಇಷ್ಟವಿಲ್ಲದ ಈ ಕತೆ ಹೊರಜಗತ್ತಿಗೆ ತಿಳಿದದ್ದಾದರೂ ಹೇಗೆ? ಉಟ್ಗಾರ್ಡಿಗೆ ಹೋಗಿ ಬಂದವರು ನಾಲ್ವರು. ಥೋರ್ ತನ್ನ ಸೋಲನ್ನು ಹೇಳಿಕೊಂಡು ತಿರುಗುವವನಲ್ಲ. ಲೋಕಿ ಹೇಳಿದರೆ ಯಾರೂ ನಂಬುವುದಿಲ್ಲ. ಥ್ಯಾಲ್ಫಿಗೆ ತನ್ನ ಓಟದ ನೆನಪೇ ದೊಡ್ಡದು. ಏದುಸಿರು ಬಿಡುತ್ತಿದ್ದವನು ಕೊಂಬಿನೊಳಗಿನ ಮಟ್ಟವನ್ನು ಗಮನಿಸಿರಲಾರ. ಯಾವ ಪಂದ್ಯಕ್ಕೂ ಕರೆಯಿಸಿಕೊಳ್ಳದೆ ಗೋಡೆಯ ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳಿಗೆ ಮಾತ್ರ ಎಲ್ಲವನ್ನೂ ನೋಡಲು ಬಿಡುವಿತ್ತು.

ಹಾಗಾಗಿ ನನ್ನ ಕತೆಯಲ್ಲಿ ರೋಸ್ಕ್ವಾ ಸಾಕ್ಷಿ. ಬೆಕ್ಕಿನ ಒಂದು ಕಾಲು ಮೇಲೆದ್ದಾಗ ಸಭೆಯಲ್ಲಿದ್ದ ದೈತ್ಯರ ಮುಖ ಕಪ್ಪಿಟ್ಟದ್ದನ್ನು ಅವಳು ಕಾಣುತ್ತಾಳೆ. ಎಲ್ಲರೂ ಆಗ ಬೆದರಿದರೆಂದು ಅರಸ ಮರುದಿನ ಹೇಳುವ ಮಾತಿಗೆ ಇದು ಹೊಂದುತ್ತದೆ. ನಗುತ್ತಿರುವವರು ನಿಜವಾಗಿ ಹೆದರಿದ್ದಾರೆ ಎಂಬುದು ಅವಳಿಗೆ ರಾತ್ರಿಯೇ ಗೊತ್ತು. ಹೆದರಿದ ಮುಖ ಹೇಗಿರುತ್ತದೆಂದು ಅವಳು ತನ್ನ ಅಪ್ಪನ ಮುಖದಲ್ಲಿ ಇತ್ತೀಚೆಗಷ್ಟೇ ನೋಡಿ ಬಂದಿದ್ದಾಳೆ.

ಕತೆಯನ್ನು ನಮ್ಮ ಮಲೆನಾಡಿಗೆ ತಂದು ನೆಡಬೇಕೆಂದು ಕೆಲವರು ಸಲಹೆ ಕೊಟ್ಟರು. ನಾನು ತರುವುದಿಲ್ಲ. ಡಿಸೆಂಬರಿನಲ್ಲಿ ಹಗಲು ನಾಲ್ಕು ಗಂಟೆಗಿಂತ ಸ್ವಲ್ಪವೇ ಹೆಚ್ಚಿರುವ ನಾಡಿನವರು ಇದನ್ನು ಉಳಿಸಿಕೊಂಡು ಬಂದರು. ಹುಲ್ಲುಹೆಂಟೆ ಹೊದಿಸಿದ ಮನೆಗಳಲ್ಲಿ, ಎಲ್ಲರೂ ಮಲಗುವ ಒಂದೇ ಕೋಣೆಯಲ್ಲಿ, ಚಳಿಗಾಲದ ಸಂಜೆ ಉಳಿದವರು ಉಣ್ಣೆ ನೂಲುತ್ತ ಹೆಣೆಯುತ್ತ ಕೂತರೆ ಒಬ್ಬರು ಗಟ್ಟಿಯಾಗಿ ಓದುವ ‘ಕ್ವೊಲ್ಡ್‌ವಾಕಾ’ ಎಂಬ ರೂಢಿ ಐಸ್‌ಲ್ಯಾಂಡಿನಲ್ಲಿ ಶತಮಾನಗಳ ಕಾಲ ಇತ್ತು. ಕಡಲಿನ ಇಳಿತಕ್ಕೆ ಕಾರಣ ಹುಡುಕುವ, ಬೆಂಕಿ ಎಷ್ಟು ತಿನ್ನಬಲ್ಲುದೆಂದು ಅರಿತ ಕತೆ ಇದು. ಆ ಚಳಿ, ಆ ಕತ್ತಲು, ಆ ಕಡಲು ಇದ್ದಲ್ಲಿಯೇ ಇರಲಿ. ಕನ್ನಡದ ಮಕ್ಕಳು ಅಲ್ಲಿಗೆ ಹೋಗಿಬರಬಲ್ಲರು.

ಕೊನೆಯ ಅಧ್ಯಾಯ ಎಲ್ಲಿ ನಡೆಯಬೇಕೆಂಬುದು ಬಹಳ ದಿನ ತೀರ್ಮಾನವಾಗಿರಲಿಲ್ಲ. ಥೋರ್ ಅಲ್ಲಿಂದ ತಿರುಗಿ ತನ್ನ ನಾಡಾದ ಥ್ರೂಡ್‌ವಾಂಗರ್‌ಗೆ ಬಂದನೆಂದು ಸ್ನೊರ್ರಿ ಹೇಳುತ್ತಾನೆ. ಅಲ್ಲಿರುವ ಅವನ ಬಿಲ್ಸ್ಕಿರ್ನಿರ್ ಎಂಬ ಅರಮನೆಗೆ 540 ಕೋಣೆಗಳೆಂದು ಹಳೆಯ ಪದ್ಯವೊಂದು ಲೆಕ್ಕ ಕೊಡುತ್ತದೆ; ಒಂದೇ ಒಲೆಯ ಸುತ್ತ ಬೆಳೆದ ಇಬ್ಬರು ಮಕ್ಕಳು ಇನ್ನು ಅಲ್ಲಿ ಬದುಕಬೇಕು. ಸ್ವಲ್ಪ ಕಾಲಕ್ಕೇ ಥೋರ್ ಆ ಸರ್ಪದ ಮೇಲೆ ಸೇಡು ತೀರಿಸಿಕೊಳ್ಳಲು ಮತ್ತೆ ಕಡಲಿಗೆ ಹೊರಡುತ್ತಾನೆ. ಎಷ್ಟು ಅವಸರದಲ್ಲಿ ಹೊರಟನೆಂದರೆ ಆ ಸಲ ರಥವನ್ನಾಗಲಿ, ಹೋತಗಳನ್ನಾಗಲಿ, ಜೊತೆಗಾರರನ್ನಾಗಲಿ ಕರೆದೊಯ್ಯಲಿಲ್ಲವೆಂದು ಎಡ್ಡಾದಲ್ಲಿ ಸ್ಪಷ್ಟವಾಗಿದೆ. ಅಂದರೆ ಮಕ್ಕಳು ಮನೆಯಲ್ಲಿಯೇ ಉಳಿದರು, ಒಡೆಯ ಊರಲ್ಲಿರಲಿಲ್ಲ. ಉಟ್ಗಾರ್ಡಿನಲ್ಲಿ ಏನು ನಡೆಯಿತೆಂದು ಅರಮನೆಯ ಉಳಿದ ಆಳುಗಳು ಕೇಳಲು, ರೋಸ್ಕ್ವಾ ಹೆದರದೆ ಎಲ್ಲವನ್ನೂ ಹೇಳಲು ಅದಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲವಾದ್ದರಿಂದ, ಆ ಅಧ್ಯಾಯವನ್ನು ಅಲ್ಲಿಯೇ, ಅಡುಗೆಮನೆಯಲ್ಲಿ ಇಟ್ಟಿದ್ದೇನೆ.